ರಿಸ್ಪೆರಿಡೋನ್ ಸೇವಿಸುವ ತಂಗಿಗೆ ಪಿಟ್ಯುಟರಿ ಗೆಡ್ಡೆ: ಪ್ರೊಲ್ಯಾಕ್ಟಿನ್ ಏರಿದ್ದು ಮಾತ್ರೆಯಿಂದಲೋ, ಗೆಡ್ಡೆಯಿಂದಲೋ?

ಪ್ರಶ್ನೆ: ರೋಗಿಯ ಅಕ್ಕ, ದಾವಣಗೆರೆ

ಎಲ್ಲರಿಗೂ ನಮಸ್ಕಾರ. ನನ್ನ ತಂಗಿಗೆ 29 ವರ್ಷ. ಸ್ಕಿಜೋಫ್ರೇನಿಯಾಕ್ಕಾಗಿ ಕೆಲವು ವರ್ಷಗಳಿಂದ ರಿಸ್ಪೆರಿಡೋನ್ ಸೇವಿಸುತ್ತಿದ್ದಾಳೆ. ಈಗಿನ ಪ್ರಮಾಣ ದಿನಕ್ಕೆ 4 ಮಿಲಿಗ್ರಾಂ. ಆ ಮಾತ್ರೆಯಿಂದ ಅವಳಿಗಾದ ಉಪಕಾರ ಸಣ್ಣದಲ್ಲ. ಹಗಲಿರುಳೂ ಅವಳನ್ನು ಬೈಯುತ್ತಿದ್ದ ಧ್ವನಿಗಳು ನಿಂತಿವೆ, ನೆರೆಮನೆಯವರು ಊಟಕ್ಕೆ ಏನೋ ಬೆರೆಸುತ್ತಾರೆಂಬ ಸಂಶಯ ದೂರವಾಗಿದೆ, ಬಿಟ್ಟಿದ್ದ ಹೊಲಿಗೆ ಕೆಲಸಕ್ಕೆ ಮತ್ತೆ ಹೋಗುತ್ತಿದ್ದಾಳೆ.

ಆದರೆ ಬಹಳ ತಿಂಗಳುಗಳಿಂದ ಅವಳಿಗೆ ಮುಟ್ಟು ನಿಂತುಹೋಗಿದೆ. ಈಚೆಗೆ ಎದೆಯಿಂದ ಹಾಲಿನಂಥ ದ್ರವ ಒಸರುತ್ತಿದೆಯೆಂದು ಬಹಳ ಸಂಕೋಚಪಟ್ಟುಕೊಂಡು ನನಗೊಬ್ಬಳಿಗೇ ಹೇಳಿದಳು. ಸ್ತ್ರೀರೋಗ ತಜ್ಞರು ಮಾಡಿಸಿದ ರಕ್ತಪರೀಕ್ಷೆಯಲ್ಲಿ ಪ್ರೊಲ್ಯಾಕ್ಟಿನ್ ಮಿಲಿಲೀಟರಿಗೆ 142 ನ್ಯಾನೋಗ್ರಾಂ ಇತ್ತು. ಅನಂತರದ ಎಂಆರ್‌ಐಯಲ್ಲಿ ಮೆದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಯೊಳಗೆ 5 ಮಿಲಿಮೀಟರ್ ಗಾತ್ರದ ಗೆಡ್ಡೆ ಕಾಣುತ್ತಿದ್ದು, ಅದು ಮೈಕ್ರೋಅಡಿನೋಮಾ (ಕ್ಯಾನ್ಸರಲ್ಲದ ಸಣ್ಣ ಗೆಡ್ಡೆ) ಇರಬಹುದೆಂದು ಬರೆದಿದ್ದಾರೆ. ನಾವು ಕಂಡ ಹಾರ್ಮೋನು ತಜ್ಞರು ವಾರಕ್ಕೆ ಎರಡು ಬಾರಿ ಕ್ಯಾಬರ್ಗೋಲಿನ್ ತೆಗೆದುಕೊಳ್ಳಲು ಬರೆದುಕೊಟ್ಟಿದ್ದಾರೆ. ಅದನ್ನು ಇನ್ನೂ ಆರಂಭಿಸಿಲ್ಲ. ಏಕೆಂದರೆ ಔಷಧಿಯ ಪೊಟ್ಟಣದೊಳಗಿನ ಚೀಟಿಯಲ್ಲಿ, ಇದರಿಂದ ಕೆಲವರಿಗೆ ಭ್ರಮೆಯಂಥ ಮಾನಸಿಕ ತೊಂದರೆಗಳು ಬರಬಹುದೆಂದಿದೆ. ಮನೋವೈದ್ಯರ ಭೇಟಿ ಮುಂದಿನ ತಿಂಗಳಿಗಿದೆ. ಈ ನಡುವೆ ಮನೆಯ ಹಿರಿಯರು, ತಲೆಯೊಳಗೆ ಗೆಡ್ಡೆ ಬೆಳೆಸಿದ್ದೇ ಆ ಮಾನಸಿಕ ರೋಗದ ಮಾತ್ರೆ, ಮೊದಲು ಅದನ್ನು ನಿಲ್ಲಿಸಿ ಎಂದು ಒತ್ತಾಯಿಸುತ್ತಿದ್ದಾರೆ.

ಗೆಡ್ಡೆಗೆ ನಿಜವಾಗಿಯೂ ಮಾತ್ರೆಯೇ ಕಾರಣವೇ? ಎರಡು ಔಷಧಿಗಳನ್ನು ಒಟ್ಟಿಗೆ ಕೊಡಬಹುದೇ? ಮನಸ್ಸು ಮತ್ತೆ ಕೆಡದಂತೆ ಈ ಹಾರ್ಮೋನಿನ ತೊಂದರೆಯನ್ನು ಸರಿಪಡಿಸುವ ದಾರಿ ಯಾವುದಾದರೂ ಇದೆಯೇ? ತಿಳಿದವರು ದಯವಿಟ್ಟು ವಿವರವಾಗಿ ಬರೆಯಬೇಕೆಂದು ಕೋರುತ್ತೇನೆ.

ಉತ್ತರ 1: ಮನೋವೈದ್ಯ, ಧಾರವಾಡ

ನಮಸ್ಕಾರ. ತುರ್ತಾದ ಮಾತನ್ನು ಮೊದಲು ಹೇಳುತ್ತೇನೆ. ರಿಸ್ಪೆರಿಡೋನನ್ನು ಮನೆಯಲ್ಲೇ ತೀರ್ಮಾನಿಸಿ ನಿಲ್ಲಿಸಬೇಡಿ. ಕ್ಯಾಬರ್ಗೋಲಿನ್ ಆರಂಭಿಸುವುದನ್ನು ನಿಮ್ಮ ಮನೋವೈದ್ಯರೊಡನೆ ಮಾತಾಡುವವರೆಗೆ ಮುಂದೂಡಬಹುದೇ ಎಂದು ಅದನ್ನು ಬರೆದುಕೊಟ್ಟ ತಜ್ಞರನ್ನು ಫೋನಿನಲ್ಲಾದರೂ ಕೇಳಿ. ದೃಷ್ಟಿಗೆ ತೊಂದರೆಯಿಲ್ಲದ 5 ಮಿಲಿಮೀಟರಿನ ಗೆಡ್ಡೆ ಕೆಲವು ವಾರ ಕಾಯಬಲ್ಲದು. ಆದರೆ ಚೇತರಿಸಿಕೊಂಡ ಮನಸ್ಸು ಮತ್ತೊಮ್ಮೆ ಕೆಟ್ಟರೆ ಮೊದಲಿನ ಸ್ಥಿತಿಗೆ ಬರಲು ತಿಂಗಳುಗಳೇ ಬೇಕಾಗಬಹುದು, ಕೆಲವರು ಪೂರ್ತಿಯಾಗಿ ಬರುವುದೂ ಇಲ್ಲ. ಮುಂದಿನ ತಿಂಗಳವರೆಗೆ ಕಾಯದೆ ಮನೋವೈದ್ಯರ ಭೇಟಿಯನ್ನು ಈ ವಾರಕ್ಕೇ ಕೇಳಿಕೊಳ್ಳಿ.

ಎರಡು ಔಷಧಿಗಳು ಏಕೆ ಒಂದಕ್ಕೊಂದು ಎದುರಾಗಿ ನಿಲ್ಲುತ್ತವೆ ಎಂಬುದು ಅರ್ಥವಾದರೆ ಉಳಿದದ್ದು ಸುಲಭವಾಗುತ್ತದೆ. ಪಿಟ್ಯುಟರಿಯ ಕೆಲವು ಜೀವಕೋಶಗಳು ಪ್ರೊಲ್ಯಾಕ್ಟಿನ್ ಎಂಬ ಹಾರ್ಮೋನನ್ನು ತಯಾರಿಸುತ್ತವೆ. ಹೆರಿಗೆಯಾದ ತಾಯಂದಿರಲ್ಲಿ ಹಾಲು ಉತ್ಪತ್ತಿಯಾಗುವುದು ಇದರಿಂದಲೇ. ಉಳಿದ ಸಮಯದಲ್ಲಿ ಮೆದುಳಿನ ಹೈಪೊಥಲಾಮಸ್ ಭಾಗದಿಂದ ಇಳಿದುಬರುವ ಡೋಪಮಿನ್ ಎಂಬ ರಾಸಾಯನಿಕ, ಕೆರೆಯ ತೂಬನ್ನು ಮುಚ್ಚಿ ಹಿಡಿದಂತೆ, ಆ ಹಾರ್ಮೋನು ರಕ್ತಕ್ಕೆ ಹರಿಯದಂತೆ ಸದಾ ತಡೆದಿರುತ್ತದೆ. ಧ್ವನಿಗಳನ್ನೂ ಸಂಶಯಗಳನ್ನೂ ಹತೋಟಿಗೆ ತರಲು ನಾವು ಕೊಡುವ ಆಂಟಿಸೈಕೋಟಿಕ್ ಔಷಧಿಗಳು ಡೋಪಮಿನ್ ಹೋಗಿ ಕೂರಬೇಕಾದ ಡಿ2 ಗ್ರಾಹಕಗಳಲ್ಲಿ ತಾವು ಕೂತುಬಿಡುತ್ತವೆ. ಅವು ಮೆದುಳಿನ ಬೇಕಾದ ಭಾಗದಲ್ಲಿ ಮಾತ್ರವಲ್ಲದೆ ಪಿಟ್ಯುಟರಿಯಲ್ಲಿಯೂ ಹಾಗೆಯೇ ಮಾಡುವುದರಿಂದ ತಡೆ ಸಡಿಲವಾಗಿ ಪ್ರೊಲ್ಯಾಕ್ಟಿನ್ ಏರುತ್ತದೆ. ಅದು ಏರಿದಾಗ ಅಂಡಾಶಯವನ್ನು ನಡೆಸುವ ಹಾರ್ಮೋನುಗಳು ತಗ್ಗಿ ಮುಟ್ಟು ನಿಲ್ಲುತ್ತದೆ. ಕ್ಯಾಬರ್ಗೋಲಿನ್ ಮಾಡುವುದು ಇದರ ವಿರುದ್ಧ ಕೆಲಸ: ಅದೇ ಡಿ2 ಗ್ರಾಹಕಗಳನ್ನು ಡೋಪಮಿನ್‌ನಂತೆಯೇ ಪ್ರಚೋದಿಸಿ ಪ್ರೊಲ್ಯಾಕ್ಟಿನ್ ಇಳಿಸುತ್ತದೆ, ಪ್ರೊಲ್ಯಾಕ್ಟಿನ್ ತಯಾರಿಸುವ ಗೆಡ್ಡೆಯನ್ನು ಕುಗ್ಗಿಸುತ್ತದೆ. ಹೀಗಾಗಿ ಒಬ್ಬ ರೋಗಿಗೆ ಎರಡನ್ನೂ ಕೊಟ್ಟಾಗ ಒಂದು ಇನ್ನೊಂದರ ಗುಣವನ್ನು ಕಡಿಮೆ ಮಾಡಬಹುದು, ಮನೋರೋಗ ಮರುಕಳಿಸುವ ಅಪಾಯವೂ ಇರುತ್ತದೆ. ಎಲ್ಲರಿಗೂ ಹಾಗಾಗುವುದಿಲ್ಲ ಎಂಬುದನ್ನೂ ಹೇಳಬೇಕು. ಆಂಟಿಸೈಕೋಟಿಕ್ ಔಷಧಿಯನ್ನು ಬಿಡದೆ, ಕಡಿಮೆ ಪ್ರಮಾಣದ ಕ್ಯಾಬರ್ಗೋಲಿನ್ ಅನ್ನು ತೊಂದರೆಯಿಲ್ಲದೆ ತೆಗೆದುಕೊಂಡವರು ಇದ್ದಾರೆ. ಆದರೆ ಅದು ದೇಹದಲ್ಲಿ ಬಹಳ ಹೊತ್ತು ಉಳಿಯುವ ಔಷಧಿ. ಮನಸ್ಸು ಕೆಡುವ ಲಕ್ಷಣ ಕಂಡು ಇಂದು ನಿಲ್ಲಿಸಿದರೂ ಅದರ ಪ್ರಭಾವ ಹಲವು ದಿನ ಮುಂದುವರಿಯುತ್ತದೆ. ಆದ್ದರಿಂದಲೇ ಮನೋವೈದ್ಯರಿಗೆ ತಿಳಿಸದೆ ಅದನ್ನು ಆರಂಭಿಸುವುದು ಸರಿಯಲ್ಲ.

ಎಲ್ಲ ಆಂಟಿಸೈಕೋಟಿಕ್ ಔಷಧಿಗಳೂ ಪ್ರೊಲ್ಯಾಕ್ಟಿನ್ ಅನ್ನು ಒಂದೇ ರೀತಿ ಏರಿಸುವುದಿಲ್ಲ, ನಿಮಗೆ ಭರವಸೆ ಕೊಡುವ ಸಂಗತಿ ಇದೇ. ರಿಸ್ಪೆರಿಡೋನ್, ಅದರಿಂದಲೇ ಉಂಟಾಗುವ ಪಾಲಿಪೆರಿಡೋನ್ ಮತ್ತು ಅಮಿಸಲ್ಪ್ರೈಡ್ ಅತಿ ಹೆಚ್ಚು ಏರಿಸುತ್ತವೆ. ರಕ್ತದಲ್ಲಿರುವ ಪದಾರ್ಥಗಳು ಮೆದುಳಿಗೆ ಸಲೀಸಾಗಿ ನುಗ್ಗದಂತೆ ತಡೆಯುವ ರಕ್ಷಣಾ ಪೊರೆಯೊಂದಿದೆ; ಪಿಟ್ಯುಟರಿ ಗ್ರಂಥಿ ಅದರ ಹೊರಗಿದೆ. ಆ ಪೊರೆಯನ್ನು ಸುಲಭವಾಗಿ ದಾಟಲಾರದ ಔಷಧಿಗಳು ಮೆದುಳಿಗೆ ಸಾಕಷ್ಟು ತಲಪುವ ಹೊತ್ತಿಗೆ ಪಿಟ್ಯುಟರಿಯಲ್ಲಿ ಅಗತ್ಯಕ್ಕಿಂತ ಹೆಚ್ಚಾಗಿರುತ್ತವೆ. ಹ್ಯಾಲೊಪೆರಿಡಾಲ್ ಕೂಡ ಏರಿಸುತ್ತದೆ. ಒಲಾನ್ಜಪಿನ್ ಸಾಮಾನ್ಯವಾಗಿ ಅಷ್ಟಾಗಿ ಏರಿಸುವುದಿಲ್ಲ. ಕ್ವೆಟಿಯಪಿನ್ ಮತ್ತು ಕ್ಲೋಜಪಿನ್ ಏರಿಸುವುದು ಬಹಳ ಕಡಿಮೆ. ಅರಿಪಿಪ್ರಜೋಲ್ ಡಿ2 ಗ್ರಾಹಕವನ್ನು ಪೂರ್ತಿ ಮುಚ್ಚದೆ ಅಲ್ಪಸ್ವಲ್ಪ ಪ್ರಚೋದಿಸುವುದರಿಂದ ಪ್ರೊಲ್ಯಾಕ್ಟಿನ್ ಅನ್ನು ಇಳಿಸುತ್ತದೆ.

ನಿಮ್ಮ ತಂಗಿಯ ವಿಷಯದಲ್ಲಿ ಮನೋವೈದ್ಯರು ಬಹುಶಃ ಎರಡು ದಾರಿಗಳನ್ನು ತೂಗಿ ನೋಡುತ್ತಾರೆ. ರಿಸ್ಪೆರಿಡೋನ್ ಮುಂದುವರಿಸಿಯೇ ಅದರ ಜೊತೆಗೆ ಕಡಿಮೆ ಪ್ರಮಾಣದ ಅರಿಪಿಪ್ರಜೋಲ್ ಸೇರಿಸುವುದು ಒಂದು. ಅನೇಕರಲ್ಲಿ ಇಷ್ಟರಿಂದಲೇ ಕೆಲವು ವಾರಗಳಲ್ಲಿ ಪ್ರೊಲ್ಯಾಕ್ಟಿನ್ ಇಳಿದು ಮುಟ್ಟು ಮರಳುತ್ತದೆ. ರಿಸ್ಪೆರಿಡೋನನ್ನು ನಿಧಾನವಾಗಿ ಇಳಿಸುತ್ತ ಬೇರೆ ಔಷಧಿಯನ್ನು ನಿಧಾನವಾಗಿ ಏರಿಸುವುದು ಇನ್ನೊಂದು. ಚೆನ್ನಾಗಿ ಹೊಂದಿಕೊಂಡಿರುವ ಔಷಧಿಯನ್ನು ಪೂರ್ತಿ ಬದಲಿಸುವುದಕ್ಕಿಂತ ಮೊದಲನೆಯ ದಾರಿಯಲ್ಲಿ ಅಪಾಯ ಕಡಿಮೆಯೆಂದು ನನ್ನ ಅಭಿಪ್ರಾಯ. ಆದರೂ ಅರಿಪಿಪ್ರಜೋಲ್ ಸೇರಿಸಿದ ಮೊದಲ ವಾರಗಳಲ್ಲಿ ಕೆಲವರಿಗೆ ಕೂತಲ್ಲಿ ಕೂರಲಾಗದ ಚಡಪಡಿಕೆ, ನಿದ್ದೆಗೇಡು, ಒಮ್ಮೊಮ್ಮೆ ಹಳೆಯ ಸಂಶಯಗಳು ಕಾಣಿಸಿಕೊಳ್ಳಬಹುದು. ಆ ಅವಧಿಯಲ್ಲಿ ಮನೆಯವರೊಬ್ಬರು ಜೊತೆಗಿದ್ದು ಗಮನಿಸಬೇಕು.

ಉತ್ತರ 2: ಹಾರ್ಮೋನು ತಜ್ಞೆ, ಮೈಸೂರು

ಮೇಲಿನ ವೈದ್ಯರು ಬರೆದಿರುವುದನ್ನು ನಾನು ಪೂರ್ಣವಾಗಿ ಒಪ್ಪುತ್ತೇನೆ. ಗೆಡ್ಡೆ ಮತ್ತು ಅಂಕಿಗಳ ವಿಷಯವಾಗಿ ಸ್ವಲ್ಪ ವಿಸ್ತಾರವಾಗಿ ಬರೆಯುತ್ತೇನೆ, ಏಕೆಂದರೆ ಇಂಥ ಪ್ರಕರಣಗಳಲ್ಲಿ ಎಂಆರ್‌ಐ ವರದಿಯಲ್ಲಿ ಗೆಡ್ಡೆ ಎಂಬ ಮಾತು ಕಂಡೊಡನೆ ಎಲ್ಲ ದೋಷವನ್ನೂ ಅದರ ತಲೆಗೆ ಕಟ್ಟುವುದನ್ನು ಬಹಳ ಸಲ ನೋಡಿದ್ದೇನೆ.

ಗರ್ಭಿಣಿಯಲ್ಲದ ಹೆಂಗಸರಲ್ಲಿ ಪ್ರೊಲ್ಯಾಕ್ಟಿನ್ ಸಾಮಾನ್ಯವಾಗಿ ಮಿಲಿಲೀಟರಿಗೆ 25 ನ್ಯಾನೋಗ್ರಾಂ ಒಳಗಿರುತ್ತದೆ, ಗಂಡಸರಲ್ಲಿ ಇನ್ನೂ ಸ್ವಲ್ಪ ಕಡಿಮೆ. ಅದು 500 ದಾಟಿದ್ದರೆ ಪ್ರೊಲ್ಯಾಕ್ಟಿನ್ ತಯಾರಿಸುವ ದೊಡ್ಡ ಗೆಡ್ಡೆಯಿದೆಯೆಂದು ಹೆಚ್ಚುಕಡಿಮೆ ಖಚಿತವಾಗಿ ಹೇಳಬಹುದು. 250 ದಾಟಿದರೂ ಹೆಚ್ಚಾಗಿ ಗೆಡ್ಡೆಯೇ ಕಾರಣವಾಗಿರುತ್ತದೆ. ಆದರೆ ಗೆಡ್ಡೆಯೇ ಇಲ್ಲದವರಲ್ಲಿಯೂ ರಿಸ್ಪೆರಿಡೋನ್ ಒಂದೇ 200ರ ಮೇಲಕ್ಕೆ ಒಯ್ಯಬಲ್ಲದು. ಹೀಗಿರುವಾಗ 142 ಎಂಬ ಅಂಕಿಗೆ ಮಾತ್ರೆಯೊಂದೇ ಸಾಕು, 5 ಮಿಲಿಮೀಟರಿನ ಪ್ರೊಲ್ಯಾಕ್ಟಿನೋಮಾ (ಪ್ರೊಲ್ಯಾಕ್ಟಿನ್ ತಯಾರಿಸುವ ಗೆಡ್ಡೆ) ಒಂದೇ ಆಗಿದ್ದರೂ ಸಾಕು. ಅಂಕಿಯನ್ನಷ್ಟೇ ನೋಡಿ ಇದು ಇಂಥದ್ದೇ ಎಂದು ಹೇಳಲು ಸಾಧ್ಯವಿಲ್ಲ. ಯಾವ ತೊಂದರೆಯೂ ಇಲ್ಲದ ವಯಸ್ಕರ ತಲೆಯ ಎಂಆರ್‌ಐ ತೆಗೆದರೂ ಸುಮಾರು ಹತ್ತರಲ್ಲಿ ಒಬ್ಬರ ಪಿಟ್ಯುಟರಿಯಲ್ಲಿ ಇಂಥ ಸಣ್ಣ ಗಂಟು ಕಾಣುತ್ತದೆ, ಅವುಗಳಲ್ಲಿ ಬಹುಪಾಲು ಯಾವ ಹಾರ್ಮೋನನ್ನೂ ತಯಾರಿಸುವುದಿಲ್ಲ. ನಿಮ್ಮ ತಂಗಿಯ ಗಂಟು ಆ ಬಗೆಯದ್ದಾಗಿದ್ದು, ಪ್ರೊಲ್ಯಾಕ್ಟಿನ್ ಏರಿದ್ದು ಪೂರ್ತಿಯಾಗಿ ಮಾತ್ರೆಯಿಂದಲೇ ಆಗಿರುವ ಸಾಧ್ಯತೆ ಗಣನೀಯವಾಗಿದೆ.

ಮಾತ್ರೆಯೇ ಗೆಡ್ಡೆಯನ್ನು ಬೆಳೆಸಿತೇ ಎಂಬ ನಿಮ್ಮ ಹಿರಿಯರ ಆತಂಕ ಆಧಾರವಿಲ್ಲದ್ದೇನೂ ಅಲ್ಲ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಗೆ ಬಂದ ಅಡ್ಡಪರಿಣಾಮಗಳ ವರದಿಗಳನ್ನು ಪರಿಶೀಲಿಸಿ 2006ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಪಿಟ್ಯುಟರಿ ಗೆಡ್ಡೆಯ ವರದಿಗಳು ಉಳಿದ ಆಂಟಿಸೈಕೋಟಿಕ್‌ಗಳಿಗಿಂತ ರಿಸ್ಪೆರಿಡೋನ್ ಜೊತೆ ಹೆಚ್ಚಾಗಿ ಕಂಡವು. ಆದರೆ ಯಾವ ಔಷಧಿ ಪ್ರೊಲ್ಯಾಕ್ಟಿನ್ ಅನ್ನು ಹೆಚ್ಚು ಏರಿಸುತ್ತದೆಯೋ ಅದನ್ನು ಸೇವಿಸುವವರಿಗೇ ಎಂಆರ್‌ಐ ಹೆಚ್ಚಾಗಿ ಮಾಡಿಸುತ್ತಾರೆ, ಮೊದಲೇ ಇದ್ದ ಸಣ್ಣ ಗಂಟುಗಳು ಅವರಲ್ಲೇ ಹೆಚ್ಚಾಗಿ ಪತ್ತೆಯಾಗುತ್ತವೆ. ಅಂಥ ವರದಿಗಳಿಂದ ಮಾತ್ರೆಯೇ ಗೆಡ್ಡೆಗೆ ಕಾರಣವೆಂದು ಸಿದ್ಧವಾಗುವುದಿಲ್ಲ.

ಹಾಗಾದರೆ ನಿಜವನ್ನು ತಿಳಿಯುವುದು ಹೇಗೆ? ಎಲ್ಲಕ್ಕಿಂತ ದೊಡ್ಡ ಸಾಕ್ಷಿ ಕಾಲಕ್ರಮ. ರಿಸ್ಪೆರಿಡೋನ್ ಆರಂಭಿಸುವ ಮುನ್ನ ಅವಳ ಮುಟ್ಟು ಸರಿಯಾಗಿತ್ತೇ, ಮಾತ್ರೆ ಆರಂಭಿಸಿದ ಅಥವಾ ಪ್ರಮಾಣ ಹೆಚ್ಚಿಸಿದ ಎಷ್ಟು ಕಾಲಕ್ಕೆ ನಿಂತಿತು, ಆಗಿನ ರಕ್ತಪರೀಕ್ಷೆಯ ಹಳೆಯ ಚೀಟಿ ಎಲ್ಲಿಯಾದರೂ ಇದೆಯೇ ಎಂಬುದನ್ನು ಹುಡುಕಿ. ಆಂಟಿಸೈಕೋಟಿಕ್ ಆರಂಭಿಸುವ ಮುನ್ನವೇ ಒಮ್ಮೆ ಪ್ರೊಲ್ಯಾಕ್ಟಿನ್ ನೋಡಿಟ್ಟಿದ್ದರೆ ಇಂಥ ಗೊಂದಲವೇ ಇರುವುದಿಲ್ಲ. ಅಗ್ಗದ ಪರೀಕ್ಷೆಯಾದರೂ ನಮ್ಮಲ್ಲಿ ಬಹಳ ಕಡೆ ಅದನ್ನು ಮಾಡಿಸುವುದಿಲ್ಲವೆಂಬುದು ನನಗೆ ಸದಾ ಬೇಸರ ತರುವ ವಿಷಯ. ಔಷಧಿಯನ್ನು ಮೂರು ದಿನ ನಿಲ್ಲಿಸಿ ಮತ್ತೆ ಪರೀಕ್ಷಿಸುವ ಕ್ರಮವನ್ನು ಮಾರ್ಗಸೂಚಿಗಳು ಹೇಳುತ್ತವೆ, ಆದರೆ ಮನೋವೈದ್ಯರ ಒಪ್ಪಿಗೆಯಿಲ್ಲದೆ ಹಾಗೆ ಮಾಡಬಾರದೆಂದೂ ಅವೇ ಹೇಳುತ್ತವೆ. ತಿಂಗಳಿಗೊಮ್ಮೆ ಚುಚ್ಚುವ ದೀರ್ಘಕಾಲಿಕ ಇಂಜೆಕ್ಷನ್ ಪಡೆಯುವವರಲ್ಲಿ ಅದು ಸಾಧ್ಯವೂ ಇಲ್ಲ. ನಿಮ್ಮ ತಂಗಿಗೆ ಅರಿಪಿಪ್ರಜೋಲ್ ಸೇರಿಸಿದರೆ ಅಥವಾ ಔಷಧಿ ಬದಲಿಸಿದರೆ, ಅನಂತರ ಪ್ರೊಲ್ಯಾಕ್ಟಿನ್ ಹೇಗೆ ಇಳಿಯುತ್ತದೆ ಎಂಬುದು ಚಿಕಿತ್ಸೆಯ ಫಲವನ್ನು ತೋರಿಸುತ್ತದೆ. ರಿಸ್ಪೆರಿಡೋನ್ ಪೂರ್ತಿ ಬಿಟ್ಟ ಮೇಲೂ, ಪ್ರೊಲ್ಯಾಕ್ಟಿನ್ ಏರಿಸದ ಔಷಧಿಯಲ್ಲಿರುವಾಗಲೂ ಅದು ಮೇಲೆಯೇ ನಿಂತರೆ ಆಗ ಗೆಡ್ಡೆಯ ಮೇಲೆ ಅನುಮಾನ ಬಲವಾಗುತ್ತದೆ. ಅರಿಪಿಪ್ರಜೋಲ್ ಸೇರಿಸಿದ್ದರಿಂದ ಇಳಿದ ಮಾತ್ರಕ್ಕೆ ಗೆಡ್ಡೆ ನಿರಪರಾಧಿ ಎನ್ನಲಾಗದು, ಏಕೆಂದರೆ ಅದು ಗೆಡ್ಡೆಯ ಪ್ರೊಲ್ಯಾಕ್ಟಿನ್ ಅನ್ನೂ ಸ್ವಲ್ಪ ಇಳಿಸಬಲ್ಲದು.

ಇದರ ಜೊತೆಗೆ ಥೈರಾಯ್ಡ್, ಮೂತ್ರಪಿಂಡದ ಪರೀಕ್ಷೆ ಮತ್ತು ಗರ್ಭಪರೀಕ್ಷೆ ಆಗಿರಬೇಕು. ಥೈರಾಯ್ಡ್ ಕೊರತೆಯಿಂದಲೂ ಪ್ರೊಲ್ಯಾಕ್ಟಿನ್ ಏರಿ ಪಿಟ್ಯುಟರಿ ದಪ್ಪಗಾಗುವುದುಂಟು. ಕೆಲವು ಪ್ರಯೋಗಾಲಯಗಳು ಅಂಕಿಯನ್ನು ಬೇರೆ ಮಾನದಲ್ಲಿ ಕೊಡುತ್ತವೆ: ಮಿಲಿಲೀಟರಿಗೆ ಒಂದು ನ್ಯಾನೋಗ್ರಾಂ ಎಂದರೆ ಲೀಟರಿಗೆ ಸುಮಾರು 21 ಮಿಲಿ ಯೂನಿಟ್‌ಗೆ ಸಮ. ಹಿಂದಿನ ವರದಿಯೊಡನೆ ಹೋಲಿಸುವಾಗ ಇದನ್ನು ಗಮನಿಸಿ. ಮುಟ್ಟು ದೀರ್ಘಕಾಲ ನಿಂತಿರುವುದರಿಂದ ಮೂಳೆ ಸಾಂದ್ರತೆಯನ್ನೂ ನೋಡಿಸುವುದು ಒಳ್ಳೆಯದು; ಈಸ್ಟ್ರೋಜನ್ ಕಡಿಮೆಯಾಗಿ ಸವೆಯುವ ಮೂಳೆ ಹೊರಗೆ ಯಾವ ಸೂಚನೆಯನ್ನೂ ಕೊಡುವುದಿಲ್ಲ.

ಉತ್ತರ 3: ಫಾರ್ಮಸಿಸ್ಟ್, ಹುಬ್ಬಳ್ಳಿ

ಒಂದು ವಿಷಯವನ್ನು ಯಾರೂ ಕೇಳಿಲ್ಲ. ಅವರು ಗ್ಯಾಸಿನ ಮಾತ್ರೆ ತೆಗೆದುಕೊಳ್ಳುತ್ತಿದ್ದಾರೆಯೇ? ನಮ್ಮ ದೇಶದಲ್ಲಿ ಎದೆಯುರಿಗೂ ಹೊಟ್ಟೆಯುಬ್ಬರಕ್ಕೂ ಬರೆದುಕೊಡುವ ಅನೇಕ ಕ್ಯಾಪ್ಸೂಲುಗಳಲ್ಲಿ ಪ್ಯಾಂಟೊಪ್ರಜೋಲ್ ಅಥವಾ ರಾಬೆಪ್ರಜೋಲ್ ಜೊತೆಗೆ ಡಾಂಪೆರಿಡೋನ್ ಇಲ್ಲವೇ ಲೆವೊಸಲ್ಪಿರೈಡ್ ಸೇರಿರುತ್ತದೆ. ಇವೆರಡೂ ಡೋಪಮಿನ್ ಅನ್ನು ತಡೆಯುವ ಔಷಧಿಗಳೇ. ಲೆವೊಸಲ್ಪಿರೈಡ್ ಅಂತೂ ಅಮಿಸಲ್ಪ್ರೈಡ್‌ನ ಸಮೀಪದ ಬಂಧು. ಇವುಗಳನ್ನು ತಿಂಗಳುಗಟ್ಟಲೆ ನುಂಗಿದರೆ ಪ್ರೊಲ್ಯಾಕ್ಟಿನ್ ಚೆನ್ನಾಗಿ ಏರುತ್ತದೆ. ವಾಂತಿಗೆ ಕೊಡುವ ಮೆಟೊಕ್ಲೊಪ್ರಮೈಡ್ ಕೂಡ ಹಾಗೆಯೇ. ಜನ ಇವನ್ನು ಔಷಧಿಯೆಂದೇ ಲೆಕ್ಕಕ್ಕೆ ತೆಗೆದುಕೊಳ್ಳದೆ ಹಳೆಯ ಚೀಟಿ ತೋರಿಸಿ ಕೊಳ್ಳುತ್ತಲೇ ಇರುತ್ತಾರೆ, ವೈದ್ಯರು ಕೇಳಿದಾಗ ಹೇಳುವುದೂ ಇಲ್ಲ. ಮನೆಯಲ್ಲಿರುವ ಪ್ರತಿಯೊಂದು ಮಾತ್ರೆ-ಪಟ್ಟಿಯ ಹಿಂಬದಿಯಲ್ಲಿರುವ ಹೆಸರನ್ನು ಓದಿ ನೋಡಿ.

ಉತ್ತರ 4: ತಮ್ಮನನ್ನು ನೋಡಿಕೊಳ್ಳುತ್ತಿರುವ ಅಣ್ಣ, ಉಡುಪಿ

ಅಕ್ಕ, ನಿಮ್ಮ ತಂಗಿಯ ಗೆಡ್ಡೆ ಸಣ್ಣದು. ನನ್ನ ತಮ್ಮನದು ದೊಡ್ಡದಾಗಿತ್ತು, ಹಾಗಾಗಿ ನಮ್ಮ ದಾರಿ ಬೇರೆಯಾಯಿತು. ಆದರೂ ಇದನ್ನು ಓದುವ ಇತರರಿಗೆ ಉಪಯೋಗವಾಗಬಹುದೆಂದು ಬರೆಯುತ್ತಿದ್ದೇನೆ.

ಗಂಡಸರಲ್ಲಿ ಮುಟ್ಟು ನಿಲ್ಲುವಂಥ ಸ್ಪಷ್ಟ ಸೂಚನೆಯಿಲ್ಲ. ಲೈಂಗಿಕ ಆಸಕ್ತಿ ಕುಗ್ಗಿದ್ದನ್ನು ಅವನು ಯಾರಿಗೂ ಹೇಳಲಿಲ್ಲ, ಕೇಳಿದವರೂ ಇರಲಿಲ್ಲ. ಗಡ್ಡ ತೆಳುವಾದದ್ದು, ಸದಾ ದಣಿದಂತಿರುವುದು ಎಲ್ಲವನ್ನೂ ಮಾನಸಿಕ ರೋಗದ ಲೆಕ್ಕಕ್ಕೇ ಹಾಕಿದ್ದಾಯಿತು. ರಸ್ತೆಯಲ್ಲಿ ನಡೆಯುವಾಗ ಎರಡೂ ಪಕ್ಕದಿಂದ ಬರುವ ವಾಹನಗಳು ಅವನಿಗೆ ಕಾಣಿಸುತ್ತಿಲ್ಲವೆಂದು ಗೊತ್ತಾದ ಮೇಲೆಯೇ ಎಂಆರ್‌ಐ ಆಯಿತು. ಗೆಡ್ಡೆ ಮೇಲಕ್ಕೆ ಬೆಳೆದು ಕಣ್ಣಿನ ನರಗಳು ಕೂಡುವ ಜಾಗವನ್ನು ಒತ್ತುತ್ತಿತ್ತು. ಕ್ಯಾಬರ್ಗೋಲಿನ್ ಆರಂಭಿಸಿದ ಕೆಲವೇ ವಾರಗಳಲ್ಲಿ ಅವನಿಗೆ ಹಳೆಯ ಧ್ವನಿಗಳು ಮರಳಿದವು. ಕೊನೆಗೆ ಮನೋವೈದ್ಯರು, ಹಾರ್ಮೋನು ತಜ್ಞರು, ನರಶಸ್ತ್ರಚಿಕಿತ್ಸಕರು ಒಟ್ಟಿಗೆ ಕೂತು ಮಾತಾಡಿ ಮೂಗಿನ ಮೂಲಕ ಗೆಡ್ಡೆಯನ್ನು ತೆಗೆಯುವುದೆಂದು ತೀರ್ಮಾನಿಸಿದರು. ದೃಷ್ಟಿ ಬಹಳ ಮಟ್ಟಿಗೆ ಮರಳಿತು. ಆ ಮೂವರನ್ನು ಒಂದೆಡೆ ಸೇರಿಸುವುದೇ ನಮಗೆ ಅತ್ಯಂತ ಕಷ್ಟದ ಕೆಲಸವಾಗಿತ್ತು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿರುವಂತೆ ಮನೋವೈದ್ಯಕೀಯವೂ ನರಶಸ್ತ್ರಚಿಕಿತ್ಸೆಯೂ ಒಂದೇ ಆವರಣದಲ್ಲಿರುವ ಕಡೆ ಹೋಗಲು ಸಾಧ್ಯವಿರುವವರಿಗೆ ಈ ಅಲೆದಾಟ ಅರ್ಧ ತಪ್ಪುತ್ತದೆ.

ಶಸ್ತ್ರಚಿಕಿತ್ಸೆಯ ನಂತರ ನಾವು ಕಲಿತದ್ದು ಇನ್ನೊಂದಿದೆ. ಅವನ ಪಿಟ್ಯುಟರಿ ಸಾಕಷ್ಟು ಕೆಲಸ ಮಾಡದ ಕಾರಣ, ದೇಹವೇ ತಯಾರಿಸಬೇಕಾದ ಕಾರ್ಟಿಸೋಲ್ ಹಾರ್ಮೋನಿನ ಬದಲಿಗೆ ಹೈಡ್ರೊಕಾರ್ಟಿಸೋನ್ ಕೊಡಬೇಕಾಯಿತು. ಆ ಮಾತ್ರೆಯ ಪ್ರಮಾಣ ಅಗತ್ಯಕ್ಕಿಂತ ಹೆಚ್ಚಾದರೆ ಮನಸ್ಸು ಕೆರಳುತ್ತದೆ, ತಟ್ಟನೆ ನಿಲ್ಲಿಸಿದರೆ ಪ್ರಾಣಕ್ಕೇ ಅಪಾಯ ಎಂದು ವೈದ್ಯರು ಎಚ್ಚರಿಸಿದ್ದಾರೆ. ಸಂಶಯ ಹೆಚ್ಚಾದಾಗ ಮಾತ್ರೆಗಳನ್ನೇ ಉಗುಳಿಬಿಡುವ ರೋಗಿಯ ಮನೆಯವರು ಇದನ್ನು ಚೆನ್ನಾಗಿ ನೆನಪಿಟ್ಟುಕೊಳ್ಳಬೇಕು.

ಪ್ರಶ್ನೆ ಕೇಳಿದವರು, ದಾವಣಗೆರೆ

ಎಲ್ಲರಿಗೂ ಹೃತ್ಪೂರ್ವಕ ಕೃತಜ್ಞತೆಗಳು. ಹುಬ್ಬಳ್ಳಿಯವರು ಹೇಳಿದಂತೆ ಹುಡುಕಿದಾಗ ಅವಳು ಬೆಳಗ್ಗೆ ನುಂಗುವ ಗ್ಯಾಸಿನ ಕ್ಯಾಪ್ಸೂಲಿನಲ್ಲಿ ಲೆವೊಸಲ್ಪಿರೈಡ್ ಇರುವುದು ಕಂಡಿತು. ರಿಸ್ಪೆರಿಡೋನ್ ಆರಂಭಿಸುವ ಮುನ್ನ ಮುಟ್ಟು ಸರಿಯಾಗಿಯೇ ಆಗುತ್ತಿತ್ತೆಂದು ಅಮ್ಮನೂ ತಂಗಿಯೂ ಹೇಳುತ್ತಾರೆ. ಮನೋವೈದ್ಯರು ಈ ವಾರವೇ ಬರಲು ಹೇಳಿದ್ದಾರೆ, ಹಾರ್ಮೋನು ತಜ್ಞರು ಅಲ್ಲಿಯವರೆಗೆ ಕ್ಯಾಬರ್ಗೋಲಿನ್ ಬೇಡವೆಂದಿದ್ದಾರೆ. ಇಬ್ಬರೂ ಬೇರೆ ಬೇರೆ ಆಸ್ಪತ್ರೆಯವರಾದ್ದರಿಂದ ಒಬ್ಬರ ಮಾತು ಇನ್ನೊಬ್ಬರಿಗೆ ನಾನೇ ತಲಪಿಸಬೇಕಾಗಿದೆ. ಯಾವುದನ್ನೂ ತಪ್ಪಾಗಿ ಹೇಳದಂತೆ ಏನನ್ನು ಬರೆದುಕೊಂಡು ಹೋಗಬೇಕು? ಅವಳಿಗೆ ಒಂದು ಸಂಬಂಧದ ಮಾತುಕತೆಯೂ ನಡೆಯುತ್ತಿದೆ. ಮುಂದೆ ಮಕ್ಕಳಾಗಲು ಇದರಿಂದ ತೊಂದರೆಯಿದೆಯೇ?

ಉತ್ತರ 5: ಮನೋವೈದ್ಯ, ಧಾರವಾಡ

ಲೆವೊಸಲ್ಪಿರೈಡ್ ಸಿಕ್ಕಿದ್ದು ಬಹಳ ಮುಖ್ಯವಾದ ಮಾಹಿತಿ. ಕ್ಯಾಪ್ಸೂಲನ್ನು ಬರೆದುಕೊಟ್ಟವರನ್ನು ಕೇಳಿ, ಆಮ್ಲ ತಗ್ಗಿಸುವ ಔಷಧಿ ಮಾತ್ರ ಇರುವ ಮಾತ್ರೆಗೆ ಬದಲಿಸಿಕೊಳ್ಳಬಹುದು. ಆದರೆ ಅದನ್ನು ಬಿಟ್ಟ ಒಂದೆರಡು ದಿನಕ್ಕೇ ಮತ್ತೆ ರಕ್ತ ಕೊಡಬೇಡಿ, ಕೆಲವು ವಾರ ಹೋಗಲಿ. ರಕ್ತ ಕೊಡುವ ದಿನ ಎದ್ದ ಕೂಡಲೇ ಹೋಗದೆ ಒಂದೆರಡು ಗಂಟೆ ಕಳೆದ ಮೇಲೆ, ಓಡಾಟವೂ ಗಾಬರಿಯೂ ಇಲ್ಲದೆ, ಬೆಳಗಿನ ರಿಸ್ಪೆರಿಡೋನ್ ನುಂಗುವ ಮುನ್ನ ಕೊಟ್ಟರೆ ಅಂಕಿಯನ್ನು ನಂಬಬಹುದು.

ಬರೆದುಕೊಂಡು ಹೋಗಬೇಕಾದದ್ದು ಒಂದು ಹಾಳೆ ಮೀರಬೇಕಾಗಿಲ್ಲ. ಯಾವ ಔಷಧಿ ಯಾವ ತಿಂಗಳು ಆರಂಭವಾಯಿತು, ಪ್ರಮಾಣ ಯಾವಾಗ ಬದಲಾಯಿತು, ಮುಟ್ಟು ನಿಂತದ್ದು ಮತ್ತು ದ್ರವ ಒಸರತೊಡಗಿದ್ದು ಯಾವಾಗ ಎಂಬುದನ್ನು ಒಂದರ ಕೆಳಗೊಂದು ಬರೆಯಿರಿ. ಹಿಂದೆ ಔಷಧಿ ತಪ್ಪಿದಾಗ ರೋಗ ಎಷ್ಟು ಬೇಗ, ಎಷ್ಟು ತೀವ್ರವಾಗಿ ಮರುಕಳಿಸಿತ್ತು ಎಂಬುದನ್ನೂ ಸೇರಿಸಿ. ಹಾರ್ಮೋನು ತಜ್ಞರಿಗೆ ಸಾಮಾನ್ಯವಾಗಿ ಗೊತ್ತಾಗದೆ ಉಳಿಯುವುದು ಈ ಕೊನೆಯ ಸಂಗತಿ. ಮನೋವೈದ್ಯರಿಗೆ ಗೊತ್ತಾಗದೆ ಉಳಿಯುವುದು ಎಂಆರ್‌ಐ ಮತ್ತು ಪ್ರೊಲ್ಯಾಕ್ಟಿನ್ ವರದಿ. ಎರಡರ ನೆರಳುಪ್ರತಿಯೂ ಇಬ್ಬರ ಕೈಯಲ್ಲೂ ಇರಲಿ, ಒಬ್ಬರು ತೀರ್ಮಾನಿಸಿದ್ದನ್ನು ಇನ್ನೊಬ್ಬರಿಗೆ ಚೀಟಿಯಲ್ಲಿ ಬರೆದುಕೊಡುವಂತೆ ಸಂಕೋಚಪಡದೆ ಕೇಳಿ. ಅದು ನಿಮ್ಮ ಹಕ್ಕು.

ಮಕ್ಕಳಾಗುವ ವಿಷಯದಲ್ಲಿ ನಿರಾಶೆಗೆ ಕಾರಣವಿಲ್ಲ. ಪ್ರೊಲ್ಯಾಕ್ಟಿನ್ ಇಳಿದರೆ ಅಂಡೋತ್ಪತ್ತಿ ಸಾಮಾನ್ಯವಾಗಿ ಮರಳುತ್ತದೆ. ಮೊದಲ ಮುಟ್ಟು ಕಾಣುವ ಮುನ್ನವೇ ಅಂಡ ಬಿಡುಗಡೆಯಾಗಬಹುದಾದ್ದರಿಂದ, ಮದುವೆಯಾದ ಮೇಲೆ ಮುಟ್ಟಿಲ್ಲವಲ್ಲ ಎಂದು ಗರ್ಭನಿರೋಧಕವನ್ನು ಕಡೆಗಣಿಸಿದರೆ ಯೋಜನೆಯಿಲ್ಲದ ಗರ್ಭ ನಿಲ್ಲಬಹುದು. ಗರ್ಭಧಾರಣೆಯನ್ನು ಮೊದಲೇ ತಿಳಿಸಿ ಯೋಜಿಸಿದರೆ ಔಷಧಿಗಳನ್ನು ಅದಕ್ಕೆ ತಕ್ಕಂತೆ ಹೊಂದಿಸಲು ಸಮಯವಿರುತ್ತದೆ.

ಔಷಧಿ ಬದಲಿಸುವ ವಾರಗಳಲ್ಲಿ ನಿದ್ದೆ ಕೆಟ್ಟರೆ, ಒಬ್ಬಳೇ ಮಾತಾಡತೊಡಗಿದರೆ, ಊಟ ನಿರಾಕರಿಸಿದರೆ ಮುಂದಿನ ಭೇಟಿಯವರೆಗೆ ಕಾಯಬೇಡಿ. ರಾತ್ರಿ ಹೊತ್ತು ಏನು ಮಾಡಬೇಕೆಂದು ತೋಚದಿದ್ದರೆ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಬಹುದು, ಕನ್ನಡದಲ್ಲಿಯೇ ಮಾತಾಡುತ್ತಾರೆ. ತೀವ್ರ ತಲೆನೋವು ತಟ್ಟನೆ ಬಂದು ವಾಂತಿಯಾದರೆ ಅಥವಾ ದೃಷ್ಟಿ ಮಂಜಾದರೆ ಮಾತ್ರ ಯಾರನ್ನೂ ಕೇಳುತ್ತ ಕೂರದೆ ನೇರವಾಗಿ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಕರೆದೊಯ್ದು, ಪಿಟ್ಯುಟರಿ ಗೆಡ್ಡೆಯಿದೆಯೆಂದು ಮೊದಲ ಮಾತಿನಲ್ಲೇ ತಿಳಿಸಿ.